ಬಾಗಿಲ ಪಕ್ಕದ ಸ್ವಿಚ್ಚು

ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷ ಯಾರೂ ಮೆತ್ತಗೆ ಮಾತಾಡಿದವರಲ್ಲ. ಎಲ್ಲರೂ ಜಗಳಗಂಟರು ಅಂತಲ್ಲ, ಆ ಬಿರುದು ನನ್ನೊಬ್ಬಳದು. ಕಾರಣ ಕರೆಂಟು. ಇಡೀ ಮನೆಗೆ ಒಂದೇ ಫ್ಯೂಸು. ಗೀಸರ್ ಹಾಕಿದರೆ ಇಸ್ತ್ರಿಪೆಟ್ಟಿಗೆ ಹಾಕುವ ಹಾಗಿಲ್ಲ, ಇಸ್ತ್ರಿಪೆಟ್ಟಿಗೆ ಹಾಕಿದರೆ ಮಿಕ್ಸಿ ಹಾಕುವ ಹಾಗಿಲ್ಲ, ನನ್ನ ಪುಟ್ಟ ಓವನ್ ಹಾಕಿದರಂತೂ ಮಿಕ್ಕವರೆಲ್ಲ ಕೈಕಟ್ಟಿ ಕೂರಬೇಕು. ಹಾಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ಏನನ್ನೇ ಹಾಕುವ ಮುಂಚೆ ಅದರ ಹೆಸರು ಹಿಡಿದು ಕೂಗಬೇಕು. ಅತ್ತೆ ಬಚ್ಚಲುಮನೆಯಿಂದ "ಗೀಸರ್ ಹಾಕ್ತಿದೀನೀ!" ಅಂದರೆ, ಆ ಹೊತ್ತಿಗೆ ಯಾರು ಏನು ಹಾಕಿಕೊಂಡಿದ್ದರೂ ಥಟ್ಟನೆ ಆರಿಸಿ "ಬಿಟ್ಟೇ!" ಅಂತ ಮರುಕೂಗು ಹಾಕಬೇಕು. ಅದು ಕಿವಿಗೆ ಬಿದ್ದ ಮೇಲೆಯೇ ಅತ್ತೆಯ ಸ್ವಿಚ್ಚು. ಯಾರಾದರೂ ಮೈಮರೆತರೆ ಟಪ್ ಅಂತ ಫ್ಯೂಸು ಹೋಗಿ ಮನೆಯೆಲ್ಲ ಗವ್ವೆನ್ನುತ್ತಿತ್ತು.

ಇದರಲ್ಲಿ ನಗೆಪಾಟಲಿನ ಸಂಗತಿ ಏನು ಗೊತ್ತೇ? ನನ್ನ ಗಂಡ ವೈರಿಂಗ್ ಕೆಲಸದವರು. ಇಪ್ಪತ್ತೈದು ವರ್ಷದ ಅನುಭವ. ಬೀದಿಯವರೆಲ್ಲ 'ಕರೆಂಟ್ ಮೇಷ್ಟ್ರು' ಅಂತ ಕರೆಯುತ್ತಾರೆ. ಮೂರು ಅಂತಸ್ತಿನ ಮನೆಗಳಿಗೆ ಮೆಟ್ಟಿಲ ಕೆಳಗೊಂದು ಮೇಲೊಂದು ಸ್ವಿಚ್ಚು ಕೂರಿಸಿ ಬರುವ ಮನುಷ್ಯ, ತನ್ನ ಮನೆಗೆ ಬಂದರೆ ಸ್ಟೂಲು ಹತ್ತಿ ಫ್ಯೂಸಿಗೆ ತಂತಿ ಸುತ್ತುತ್ತಿದ್ದರು. ಕೇಳಿದರೆ, "ಮುಂದಿನ ತಿಂಗಳು ಬಿಡುವಾಗುತ್ತೆ ಕಣೇ" ಅನ್ನುತ್ತಿದ್ದರು. ಆ ಮುಂದಿನ ತಿಂಗಳನ್ನು ಕಾದು ಕಾದು ನನ್ನ ಮಗಳು ಕಾಲೇಜು ಮೆಟ್ಟಿಲು ಹತ್ತಿದಳು.

ನಾನು ಬೀದಿ ಕೊನೆಯ ಬೇಕರಿಯಲ್ಲಿ ಹನ್ನೊಂದು ವರ್ಷ ಹಿಟ್ಟು ನಾದಿದವಳು. ಹೋದ ವರ್ಷ ಯಜಮಾನರು ವಯಸ್ಸಾಯಿತೆಂದು ಅಂಗಡಿ ಮುಚ್ಚಿದರು. ಮುಚ್ಚುವಾಗ, "ಇವುಗಳ ಮರ್ಜಿ ನಿನಗೆ ಬಿಟ್ರೆ ಬೇರೆಯವರಿಗೆ ಗೊತ್ತಿಲ್ಲ, ನೀನೇ ಇಟ್ಕೊಳ್ಳಮ್ಮ" ಅಂತ ಎರಡು ಓವನ್ನುಗಳನ್ನು ನನಗೇ ಬಿಟ್ಟುಕೊಟ್ಟರು. ಒಂದೊಂದರಲ್ಲಿ ನಲವತ್ತು ಬನ್ನು ಹಿಡಿಯುತ್ತವೆ. ಅವತ್ತು ಖುಷಿಗೆ ನಾನು ಬೀದಿಯಲ್ಲೇ ಅತ್ತುಬಿಟ್ಟೆ. ಮನೆಗೆ ತಂದೆವು, ಮೇಲೊಂದು ಬೆಡ್‌ಶೀಟ್ ಹೊದಿಸಿದೆವು, ಅಷ್ಟೆ. ನಮ್ಮ ಫ್ಯೂಸನ್ನು ನಂಬಿ ಅವುಗಳ ಸ್ವಿಚ್ಚು ಮುಟ್ಟುವಂತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಬೀದಿಯ ಶಾಲೆಯಿಂದ ಕೇಳಿಕೊಂಡು ಬಂದರು. ನೂರ ಅರವತ್ತು ಮಕ್ಕಳು, ದಿನಾ ಬೆಳಿಗ್ಗೆ ಬಿಡುವಿಗೆ ಮಕ್ಕಳಿಗೊಂದೊಂದು ಬನ್ನು. ಅಲ್ಲಿನ ಅಡುಗೆಮನೆ ನೋಡಿಕೊಳ್ಳುವ ಮೇಡಂ ಬಹಳ ಕಟ್ಟುನಿಟ್ಟು. "ನಾನೇ ನಿಮ್ಮ ಮನೆಗೆ ಬರ್ತೀನಿ. ಎರಡೂ ಓವನ್ ಒಟ್ಟಿಗೆ ನಡೀಬೇಕು, ಬನ್ನು ನನ್ನ ಕಣ್ಣೆದುರಿಗೆ ಬೇಯಬೇಕು. ಸರಿಹೋದ್ರೆ ನಿಮಗೆ, ಇಲ್ಲಾಂದ್ರೆ ಕಾರ್ಖಾನೆಯವರಿಗೆ," ಅಂದುಬಿಟ್ಟರು. ತಿಂಗಳು ಬಿಟ್ಟು ಒಂದು ಸೋಮವಾರ, ಬೆಳಿಗ್ಗೆ ಎಂಟೂಮುಕ್ಕಾಲಿಗೆ ಅಂತ ಗೊತ್ತಾಯಿತು.

ಎರಡು ಓವನ್ ಯಾಕೆ ಅಂದರೆ, ಒಂದರಲ್ಲೇ ಆದರೆ ನಾಲ್ಕು ಸಲ ಹಾಕಬೇಕು. ನಾಲ್ಕನೆಯ ಸರದಿ ಬರುವ ಹೊತ್ತಿಗೆ ಹಿಟ್ಟು ಹುಳಿ ಬಂದು ಕೂತಿರುತ್ತದೆ. ಇನ್ನೊಂದು ಸಂಗತಿ, ಬೇಯುವಾಗ ಮಧ್ಯದಲ್ಲಿ ಶಾಖ ತಪ್ಪಿದರೆ ಬನ್ನು ಕುಸಿಯುತ್ತದೆ. ಒಮ್ಮೆ ಕುಸಿದ ಬನ್ನು ಆಮೇಲೆ ಏನು ಮಾಡಿದರೂ ಏಳುವುದಿಲ್ಲ.

ಅವತ್ತು ನಾನು ಗಂಡನ ಉಪಕರಣದ ಚೀಲ ತೆಗೆದು ಮಂಚದ ಕೆಳಗೆ ಬಚ್ಚಿಟ್ಟೆ. "ನಮ್ಮನೆ ವೈರಿಂಗ್ ಶುರುವಾಗೋವರೆಗೆ ಬೇರೆ ಯಾರ ಮನೆ ಗೋಡೆನೂ ನೀವು ಕೊರೆಯೋ ಹಾಗಿಲ್ಲ," ಅಂದೆ. ಅವರು ನನ್ನ ಮುಖ ನೋಡಿದರು, ಮಂಚದ ಕಡೆ ನೋಡಿದರು, "ಸರಿ ಬಿಡು" ಅಂದರು. ಇಷ್ಟೇ ಸಾಕಿತ್ತು ಅಂತ ಮೊದಲೇ ಗೊತ್ತಿದ್ದರೆ ಆ ಚೀಲ ಹತ್ತೊಂಬತ್ತು ವರ್ಷದ ಹಿಂದೆಯೇ ಮಂಚದ ಕೆಳಗೆ ಹೋಗುತ್ತಿತ್ತು.

ಆದರೆ ಒಂದು ಮಾತು ಹೇಳಬೇಕು, ಕೂತರೆ ಮಾತ್ರ ನನ್ನ ಗಂಡನಂಥ ಕೆಲಸಗಾರ ಇಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿ ಮೇಲೆ ಮಾಡಿ ನೆಲದ ಮೇಲೆ ಹಾಸಿದರು. ಮಗಳ ಸ್ಕೆಚ್ ಪೆನ್ನುಗಳ ಡಬ್ಬಿ ಇಸಿದುಕೊಂಡರು. ಮನೆಯ ನಕ್ಷೆ ಬರೆದು ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡರು.

"ನೋಡಿ, ಇಷ್ಟು ದಿನ ಒಂದೇ ದಾರಿ, ಅದಕ್ಕೇ ಎಲ್ಲ ಗುದ್ದಾಡ್ತಿತ್ತು. ಈಗ ಒಂಬತ್ತು ದಾರಿ ಮಾಡ್ತೀನಿ. ಮುಂದಿನ ಕೋಣೆಗಳ ದೀಪ ಒಂದು, ಹಿಂದಿನ ಕೋಣೆಗಳ ದೀಪ ಇನ್ನೊಂದು. ಒಂದ್ ಕಡೆ ಹೋದ್ರೂ ಇನ್ನೊಂದ್ ಕಡೆ ಬೆಳಕಿರುತ್ತೆ. ಕೋಣೆಗಳ ಪ್ಲಗ್ಗಿಗೆ ಒಂದು, ಅಡುಗೆಮನೆ ಮಿಕ್ಸಿ ಗಿಕ್ಸಿಗೆ ಒಂದು. ಗೀಸರಿಗೆ ಅದರದ್ದೇ ಒಂದು, ಇಸ್ತ್ರಿಗೂ ನನ್ನ ಕೆಲಸದ ಮೇಜಿಗೂ ಒಂದು, ಎರಡು ಓವನ್ನಿಗೆ ಎರಡು. ಇನ್ನೊಂದು ಖಾಲಿ ಇರ್ಲಿ, ಮುಂದೆ ಏನಾದ್ರೂ ಬಂದ್ರೆ."

"ಮುಂದೆ ಅಳಿಯ ಬರ್ತಾನೆ," ಅಂದರು ಅತ್ತೆ.

"ಅಜ್ಜೀ!" ಅಂದಳು ಮಗಳು.

"ಅಮ್ಮ, ನಿನಗೆ ಏನೇನು ಬೇಕು ಹೇಳು," ಅಂದರು ನನ್ನ ಗಂಡ.

"ಅಯ್ಯೋ, ನಂದೇನೋ ಮಗನೇ, ಒಂದು ಬಲ್ಬು ಸಾಕು ನಂಗೆ," ಅಂದ ಅತ್ತೆ ಅಲ್ಲಿಂದ ಶುರುಮಾಡಿದರು. ಪೆಟ್ಟಿಗೆ ತೆಗೆದಾಗ ಒಳಗೆ ಕಾಣುವ ಹಾಗೆ ಒಂದು, ಮಂಚದ ತಲೆದೆಸೆಯಲ್ಲಿ ಒಂದು, ಬಚ್ಚಲಿಗೆ ಹೋಗುವ ದಾರಿಯಲ್ಲಿ ಮೊಣಕಾಲೆತ್ತರಕ್ಕೆ ಒಂದು, ಕನ್ನಡಿಗೊಂದು, ಅಕ್ಕಪಕ್ಕದವರು ಬಂದರೆ ಮುಖ ಕಾಣಬೇಕು ಅಂತ ಬಾಗಿಲ ಹೊರಗೊಂದು. ದೇವರಮನೆಗೊಂದು, ತುಳಸಿಕಟ್ಟೆಗೊಂದು ಸೇರಿ ಏಳಾದವು. ಮಗಳು ಎಣಿಸಿ ಹೇಳಿದ್ದಕ್ಕೆ, "ಅದರಲ್ಲಿ ನನಗೋಸ್ಕರ ಅಂತ ಒಂದೇ ಕಣೇ, ಮಿಕ್ಕಿದ್ದೆಲ್ಲ ಮನೆಗೆ," ಅಂದರು.

ಎಲ್ಲ ಸರಿಯಾಗಿಯೇ ನಡೆದಿತ್ತು. ನನ್ನ ಸರದಿ ಬಂತು. ಅಡುಗೆಮನೆ ಬಾಗಿಲ ಪಕ್ಕ, ಎಡಗೈಗೆ ಸಿಗುವ ಹಾಗೆ, ನನ್ನ ಹಳೆಯ ಓವನ್ನಿನ ಸ್ವಿಚ್ಚಿತ್ತು. ಅದರ ಸುತ್ತ ಗೋಡೆ ನನ್ನ ಹಿಟ್ಟಿನ ಕೈ ತಗುಲಿ ತಗುಲಿ ನುಣ್ಣಗಾಗಿತ್ತು.

"ಹೊಸ ಓವನ್ ಸ್ವಿಚ್ಚುಗಳೂ ಇಲ್ಲೇ ಇರ್ಲಿ," ಅಂದೆ.

"ಆಗಲ್ಲ," ಅಂದರು.

"ಯಾಕ್ರೀ ಆಗಲ್ಲ?"

"ಓವನ್ ಇರೋದು ಎದುರಿನ ಗೋಡೇಲಿ. ಸ್ವಿಚ್ಚೂ ಅಲ್ಲೇ, ಪಕ್ಕಕ್ಕೆ, ಭುಜದೆತ್ತರಕ್ಕೆ."

"ಎಲ್ಲರಿಗೂ ಕೇಳಿಕೇಳಿದ ಕಡೆ ಕೊಟ್ರಿ. ನಿಮ್ಮಮ್ಮನಿಗೆ ಏಳು ಕೊಟ್ರಿ. ನಾನು ಕೇಳಿದ್ದು ಒಂದು ಜಾಗ. ನನ್ ಕೈ ಹತ್ತೊಂಬತ್ತು ವರ್ಷದಿಂದ ಅಲ್ಲಿಗೇ ಹೋಗೋದು."

"ಗೊತ್ತು ಕಣೇ," ಅಂದವರು ತಲೆ ಎತ್ತದೆ ಎದುರಿನ ಗೋಡೆಯಲ್ಲೇ ಎರಡು ಕೆಂಪು ಚುಕ್ಕಿ ಇಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ದಿನ ಅವರ ಜೊತೆ ಮಾತು ಬಿಟ್ಟೆ. ಊಟಕ್ಕೆ ಕರೆಯುವುದೂ ಮಗಳ ಮೂಲಕ. "ನಿಮ್ಮಪ್ಪನಿಗೆ ಹೇಳು, ತಟ್ಟೆ ಹಾಕಿದೆ ಅಂತ." ಅವರು ಎರಡು ಅಡಿ ದೂರದಲ್ಲೇ ನಿಂತು, "ನಿಮ್ಮಮ್ಮನಿಗೆ ಹೇಳು, ಬಂದೆ ಅಂತ," ಅನ್ನುತ್ತಿದ್ದರು. ಮಗಳಿಗೆ ಸಾಕಾಗಿ, "ಇಬ್ಬರ ನಡುವೆನೂ ಒಂದು ವೈರ್ ಎಳ್ಕೊಳ್ಳಿ, ನನ್ನ ಬಿಟ್ಬಿಡಿ," ಅಂದಳು.

ಆಮೇಲೆ ಮೂರು ವಾರ ಧೂಳೋ ಧೂಳು. ಗೋಡೆ ಕೊರೆದು ಪೈಪು ಹೂತರು, ಪೈಪಿನೊಳಗೆ ವೈರು ಎಳೆದರು, ಕಂಬದಿಂದ ಬರುವ ವೈರನ್ನೂ ದಪ್ಪದ್ದು ಹಾಕಿಸಿದರು, ಹಿತ್ತಲಲ್ಲಿ ಗುಂಡಿ ತೋಡಿ ಅರ್ಥಿಂಗ್ ಕೊಟ್ಟರು. ಹಳೆಯ ಫ್ಯೂಸಿನ ಜಾಗದಲ್ಲಿ ಒಂದು ಬಿಳಿ ಪೆಟ್ಟಿಗೆ ಬಂತು. ಅದರಲ್ಲಿ ಸಾಲಾಗಿ ಒಂಬತ್ತು ಪುಟ್ಟ ಸ್ವಿಚ್ಚು, ಒಂದೊಂದರ ಕೆಳಗೂ ಅವರ ದುಂಡಗಿನ ಅಕ್ಷರದಲ್ಲಿ ಚೀಟಿ. ನೋಡಿದರೆ ಕೋಪ ಇಳಿಯುವಷ್ಟು ಅಂದವಾಗಿತ್ತು. ನಾನು ಇಳಿಸಿಕೊಳ್ಳಲಿಲ್ಲ, ಅದು ಬೇರೆ ಮಾತು.

ಕೊನೆಯ ದಿನ ಅಡುಗೆಮನೆ ಬಾಗಿಲ ಪಕ್ಕ ನೋಡುತ್ತೇನೆ, ಅದೇ ಹಳೆಯ ಜಾಗದಲ್ಲಿ, ಅದೇ ಎತ್ತರಕ್ಕೆ, ಒಂದೇ ಒಂದು ಸ್ವಿಚ್ಚು. ಮನೆಯಲ್ಲಿ ಇದ್ದಬದ್ದ ಸ್ವಿಚ್ಚಿಗೆಲ್ಲ ಚೀಟಿ ಇದೆ, ಇದಕ್ಕೆ ಮಾತ್ರ ಖಾಲಿ ಚೀಟಿ.

"ಇದೇನ್ರೀ?"

"ನಿನಗೆ ಇಲ್ಲೊಂದು ಸ್ವಿಚ್ಚು ಬೇಕು ಅಂದ್ಯಲ್ಲ. ಕೊಟ್ಟಿದೀನಿ."

"ಯಾವುದರದ್ದು?"

"ಸುಮ್ನೆ ಇರ್ಲಿ."

ಒತ್ತಿ ನೋಡಿದೆ. ಏನೂ ಹೊತ್ತಿಕೊಳ್ಳಲಿಲ್ಲ, ಏನೂ ಆರಲಿಲ್ಲ. ಸಾಲದ್ದಕ್ಕೆ ಅದನ್ನು ತಲೆಕೆಳಗು ಮಾಡಿ ಕೂರಿಸಿದ್ದರು. ಇಪ್ಪತ್ತೈದು ವರ್ಷದ ಮೇಷ್ಟ್ರು! "ಅಳೋ ಮಗುವಿಗೆ ಗಿಲಕಿ ಕೊಟ್ಟ ಹಾಗೆ ಕೊಟ್ರಾ ನನಗೆ?" ಅಂದೆ. ಅವರು ಸ್ಕ್ರೂಡ್ರೈವರ್ ಒರೆಸುತ್ತ ಹಿಂದಿನ ಕೋಣೆಗೆ ಹೊರಟುಹೋದರು.

ಆ ಸಂಜೆ ಪರೀಕ್ಷೆ. ಗೀಸರು, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಮಗಳ ಕೂದಲು ಒಣಗಿಸುವ ಡ್ರೈಯರು, ಎರಡು ಓವನ್ನು, ಎಲ್ಲ ದೀಪ, ಎಲ್ಲ ಫ್ಯಾನು, ಒಂದೊಂದಾಗಿ ಹಾಕುತ್ತ ಬಂದರು. ಅತ್ತೆ ಹೊರಗೆ ಓಡಲು ಅನುಕೂಲವಾಗಲೆಂದು ಹೊಸ್ತಿಲ ಮೇಲೆ ನಿಂತಿದ್ದರು. ಕೊನೆಯದನ್ನು ಹಾಕಿ ಎಲ್ಲರೂ ಕಾದೆವು. ಟಪ್ ಅನ್ನಲಿಲ್ಲ. ಇನ್ನೂ ಕಾದೆವು. ಮಿಕ್ಸಿ ಗುರ್ರೆನ್ನುತ್ತಲೇ ಇತ್ತು, ಡ್ರೈಯರು ಬುಸುಗುಡುತ್ತಲೇ ಇತ್ತು. ಅತ್ತೆ ಹೊಸ್ತಿಲು ಇಳಿದು ಒಳಗೆ ಬಂದು ಮಗನ ತಲೆ ಸವರಿ, "ಮನೆ ಅಂದ್ರೆ ಇದಪ್ಪಾ!" ಅಂದರು. ಮಗಳು ಕುಣಿದಳು. ನಾನು ಮೂರು ವಾರದ ಬಿಗುಮಾನ ಬಿಟ್ಟು ನಕ್ಕೆ, ತಡೆಯಲಾಗಲಿಲ್ಲ.

ವೈರೇನೋ ಹೊಸದಾಯಿತು, ನಾವು ಹೊಸಬರಾಗಲಿಲ್ಲ. ಮಾರನೆಯ ಬೆಳಿಗ್ಗೆಯೇ ನಾನು "ಮಿಕ್ಸಿ ಹಾಕ್ತಿದೀನೀ!" ಅಂತ ಕೂಗಿದೆ. ಒಳಗಿನಿಂದ "ಬಿಟ್ಟೇ!" ಅಂದಳು ಮಗಳು, ಡ್ರೈಯರು ಆರಿಸಿ ಅರ್ಧ ಒದ್ದೆ ತಲೆಯಲ್ಲೇ ಕಾಲೇಜಿಗೆ ಹೋದಳು. ಗಂಡ ಬಿಳಿ ಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ಇನ್ನು ಕೂಗುವ ಅಗತ್ಯವಿಲ್ಲ' ಅಂತ ಬರೆದು ಅಂಟಿಸಿದರು. ಅತ್ತೆ ಅದನ್ನು ಗಟ್ಟಿಯಾಗಿ ಓದಿ, ಬಚ್ಚಲಿಗೆ ಹೋಗಿ, "ಗೀಸರ್ ಹಾಕ್ತಿದೀನೀ!" ಅಂದರು.

"ಅಭ್ಯಾಸ ಅನ್ನೋದು ಸುಲಭಕ್ಕೆ ಬಿಡಲ್ಲ," ಅಂದರು ಗಂಡ, ನನ್ನ ಕಡೆ ನೋಡುತ್ತ.

"ನನ್ನ ಯಾಕೆ ನೋಡ್ತೀರಿ? ಕೂಗೋದು ಬೇರೆ, ಆರಿಸೋದು ಬೇರೆ. ನಾನೇನು ಬುದ್ಧಿ ಇಲ್ದೋಳಾ, ನನ್ನ ಓವನ್ ನಾನೇ ಆರಿಸೋಕೆ?" ಅಂದೆ.

ಸೋಮವಾರ ಬಂತು. ನಾನು ನಸುಕಿಗೇ ಎದ್ದು ಹಿಟ್ಟು ನಾದಿದ್ದೆ. ಅತ್ತೆಯನ್ನು ಮಾತ್ರ ಬೇಡಿಕೊಂಡೆ, "ಇವತ್ತೊಂದಿನ ಸ್ನಾನ ಬೇಗ ಮುಗಿಸಿಬಿಡಿ ಅತ್ತೆ."

"ಯಾಕೆ? ಮೂರು ವಾರ ಧೂಳು ಕುಡಿಸಿದ್ರಿ, ಎಲ್ಲ ಒಟ್ಟಿಗೆ ಹಾಕಬಹುದು ಅಂತ ತಾನೆ? ನನ್ನ ಸ್ನಾನ ಒಂಬತ್ತು ಗಂಟೆಗೆ," ಅಂದರು ಅತ್ತೆ. ಅವರ ಮಾತೂ ನ್ಯಾಯವಾಗಿಯೇ ಇತ್ತು.

ಎಂಟೂಮುಕ್ಕಾಲಿಗೆ ಮೇಡಂ ಬಂದರು. ಕೈಯಲ್ಲೊಂದು ಪುಸ್ತಕ, ಕಿವಿ ಮೇಲೊಂದು ಪೆನ್ನು, ಮುಖದಲ್ಲಿ ನಗು ಹುಡುಕಿದರೂ ಸಿಗದು. ಹಿಟ್ಟಿನ ಡಬ್ಬಿ ಮುಚ್ಚಳ ತೆಗೆದು ನೋಡಿದರು, ನನ್ನ ಉಗುರು ನೋಡಿದರು, ಕಿಟಕಿಯ ಜಾಲರಿ ಬೆರಳಲ್ಲಿ ಒರೆಸಿ ಬೆರಳು ನೋಡಿಕೊಂಡರು. ಕುರ್ಚಿ ಹಾಕಿಕೊಂಡು ಓವನ್ನುಗಳ ಎದುರಿಗೇ ಕೂತರು. ನಾನು ಎರಡರಲ್ಲೂ ತಟ್ಟೆಗಳನ್ನು ಸರಿಸಿ ಬಾಗಿಲು ಹಾಕಿದೆ. ಎಂಬತ್ತು ಬನ್ನು ಒಳಗೆ ಹೋದವು. ಹನ್ನೊಂದು ವರ್ಷ ಬೇರೆಯವರ ಹಿಟ್ಟು ನಾದಿದ್ದೆ, ಇದು ನನ್ನದು.

ಹತ್ತು ನಿಮಿಷದಲ್ಲಿ ಬನ್ನುಗಳು ದುಂಡಗೆ ಉಬ್ಬಿದವು. ಇನ್ನೂ ಬಣ್ಣ ಬಂದಿರಲಿಲ್ಲ. ಶಾಖ ತಪ್ಪಲೇಬಾರದ ಹೊತ್ತು ಅದು. ನಾನು ಬಿಸಿ ತಟ್ಟೆ ಹಿಡಿಯುವ ಬಟ್ಟೆ ತರಲೆಂದು ಬಾಗಿಲ ಕಡೆ ತಿರುಗಿದ್ದೆ.

"ಗೀಸರ್ ಹಾಕ್ತಿದೀನೀ!"

"ಬಿಟ್ಟೇ!" ಅಂದೆ.

ಅಂದೆ, ಅನ್ನುವುದಕ್ಕಿಂತ ಮೊದಲೇ ಎಡಗೈ ಬಾಗಿಲ ಪಕ್ಕದ ಸ್ವಿಚ್ಚನ್ನು ಆರಿಸಿಯಾಗಿತ್ತು. ಟಕ್ ಅಂತ ಸದ್ದು ಕೇಳಿಸಿದಾಗ ಮೈಯೆಲ್ಲ ತಣ್ಣಗಾಯಿತು. ಅಯ್ಯೋ ದೇವರೇ, ಓವನ್ ಆರಿಸಿಬಿಟ್ಟೆ. ನನ್ನ ಕೈಯಾರೆ. ಎಂಬತ್ತು ಬನ್ನು. ತಿರುಗಿ ನೋಡಲು ಧೈರ್ಯ ಬರಲಿಲ್ಲ, ಗೋಡೆ ಕಡೆ ಮುಖ ಮಾಡಿಯೇ ನಿಂತುಬಿಟ್ಟೆ. ಕಣ್ಣಲ್ಲಿ ನೀರು ತುಂಬಿತು.

"ಏನಮ್ಮಾ ಅದು ಕೂಗಾಟ?" ಅಂದರು ಮೇಡಂ.

"ನನ್ನ ಬನ್ನು..." ಅಂದೆ.

"ಏನಾಗಿದೆ ಬನ್ನಿಗೆ? ಬಣ್ಣ ಬರ್ತಾ ಇದೆಯಲ್ಲ."

ತಿರುಗಿದೆ. ಎದುರಿನ ಗೋಡೆಯಲ್ಲಿ, ಭುಜದೆತ್ತರಕ್ಕೆ, ಎರಡು ಸ್ವಿಚ್ಚಿನ ಕೆಂಪು ದೀಪಗಳು ನಿಶ್ಚಿಂತೆಯಾಗಿ ಉರಿಯುತ್ತಿದ್ದವು. ಗಾಜಿನ ಹಿಂದೆ ನನ್ನ ಬನ್ನುಗಳು ಒಂದೂ ಕುಸಿಯದೆ ಹೊಂಬಣ್ಣಕ್ಕೆ ತಿರುಗುತ್ತಿದ್ದವು. ಹಾಗಾದರೆ ನಾನು ಆರಿಸಿದ್ದು ಏನನ್ನು?

ಹಿಂದಿನ ಕೋಣೆಯಿಂದ ನಗುವ ಸದ್ದು ಬಂತು. ನನ್ನ ಗಂಡ ಬಾಗಿಲಲ್ಲಿ ಬಂದು ನಿಂತರು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಆರಿಸಿದ್ಯಾ? ನನ್ನ ಮೇಜಿನ ಮೇಲೆ ದೀಪ ಹೊತ್ಕೊಂತು."

"ಯಾವ ದೀಪ?"

"ಆ ಸ್ವಿಚ್ಚಿಂದು. ಅದಕ್ಕೇ ತಲೆಕೆಳಗು ಕೂರಿಸಿದ್ದು. ನೀನು ಆರಿಸಿದ್ರೆ ಅಲ್ಲಿ ಹೊತ್ತುತ್ತೆ." ನಗು ತಡೆದುಕೊಂಡು, ಮೆತ್ತಗೆ ಅಂದರು, "ಹತ್ತೊಂಬತ್ತು ವರ್ಷದಿಂದ ಆ ಕೈ ನೋಡ್ತಿದೀನಿ ಕಣೇ. ಅಮ್ಮ ಕೂಗಿದ್ರೆ ಅದು ನಿನ್ನ ಮಾತೂ ಕೇಳಲ್ಲ. ನಿನ್ನ ಓವನ್ನಿನ ಕರೆಂಟು ಅದರ ದಾರಿಗೆ ಸಿಗಬಾರದು ಅಂತ ಎದುರಿನ ಗೋಡೆಗೆ ಹಾಕಿದೆ. ಕೈಗೂ ಬೇಜಾರಾಗಬಾರದಲ್ಲ, ಅದಕ್ಕೊಂದು ಇಲ್ಲಿ ಕೊಟ್ಟೆ."

"ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ, 'ನಾನೇನು ಬುದ್ಧಿ ಇಲ್ದೋಳಾ' ಅಂತಿದ್ದೆ."

ಅಂದಿದ್ದೆ ತಾನೆ. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಮೂರು ದಿನ ಮಾತು ಬಿಟ್ಟಾಗಲೂ ಈ ಮನುಷ್ಯ ನನ್ನ ಕೈಯನ್ನೇ ಯೋಚಿಸುತ್ತಿದ್ದರು. ಮೇಡಂ ಎದುರಿಗಿಲ್ಲದಿದ್ದರೆ ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡುಬಿಡುತ್ತಿದ್ದೆ. ಅಷ್ಟರಲ್ಲಿ ಅವರ ಅಂಗಿ ಕಣ್ಣಿಗೆ ಬಿತ್ತು. ಒಂದು ತೋಳು ಗರಿಗರಿ, ಇನ್ನೊಂದು ತೋಳು ಮುದ್ದೆ ಮುದ್ದೆ.

"ಇದೇನ್ರೀ ಅವತಾರ?"

ಅವರು ತಮ್ಮ ತೋಳು ನೋಡಿಕೊಂಡರು. ಮುಖ ಕೆಂಪಾಯಿತು. "ಇಸ್ತ್ರಿ ಮಾಡ್ತಿದ್ದೆ... ಅಮ್ಮ ಕೂಗಿದ್ಲಲ್ಲ..."

"ಆರಿಸಿಬಿಟ್ರಾ? ಕರೆಂಟ್ ಮೇಷ್ಟ್ರೇ, ನಿಮ್ಮದೇ ವೈರಿಂಗು, ನೀವೇ ಆರಿಸಿಬಿಟ್ರಾ?"

ಮೇಡಂ ಕಿವಿ ಮೇಲಿನ ಪೆನ್ನು ತೆಗೆದು ನಮ್ಮಿಬ್ಬರನ್ನೂ ನೋಡಿದರು. ವಿಷಯ ಏನೆಂದು ಕೇಳಿದರು. ನಾನು ಕೂಗಿನ ಪದ್ಧತಿಯಿಂದ ಹಿಡಿದು ಒಂದೇ ಉಸಿರಿಗೆ ಹೇಳಿದೆ. ಆ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ತುಟಿ ಅಲುಗಿತು. ಕೊನೆಗೆ ಪುಸ್ತಕ ಬಾಯಿಗೆ ಅಡ್ಡ ಹಿಡಿದು ಕುರ್ಚಿಯೇ ಅಲುಗಾಡುವಷ್ಟು ನಕ್ಕರು.

ತಟ್ಟೆಗಳನ್ನು ಹೊರಗೆ ತೆಗೆದೆ. ಎಂಬತ್ತಕ್ಕೆ ಎಂಬತ್ತೂ ಉಬ್ಬಿ, ಹೊಳೆಯುತ್ತ ಕೂತಿದ್ದವು. ಮೇಡಂ ಒಂದನ್ನು ಮುರಿದರು, ಮೂಸಿದರು, ಬಾಯಿಗೆ ಹಾಕಿಕೊಂಡರು, ಇನ್ನೊಂದಕ್ಕೆ ಕೈ ಚಾಚಿದರು. ಎರಡನೆಯದನ್ನು ಪೂರ್ತಿ ತಿಂದ ಮೇಲೆ ಬೆರಳು ಒರೆಸಿಕೊಂಡು, "ನಾಳೆಯಿಂದಲೇ ಕಳಿಸಿ," ಅಂದರು. ಬಾಗಿಲು ದಾಟುವಾಗ ತಿರುಗಿ, "ಆದರೆ ಆ ಅಜ್ಜಿಗೆ ಕೂಗೋದು ನಿಲ್ಲಿಸಬೇಡಿ ಅಂತ ಹೇಳಿ," ಅಂದರು.

ಅತ್ತೆ ಆಗ ತಾನೇ ಸ್ನಾನ ಮುಗಿಸಿ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಂದರು. "ಏನು, ಕೆಲಸ ಆಯ್ತಾ? ನನ್ನಿಂದೇನೂ ತೊಂದರೆ ಆಗಲಿಲ್ಲ ತಾನೆ?" ಅಂತ ಕೇಳಿದರು. ಬಿಸಿ ಬನ್ನು ಒಂದನ್ನು ಅತ್ತೆಯ ಕೈಗಿತ್ತೆ.

ಆ ಖಾಲಿ ಚೀಟಿಯ ಮೇಲೆ ನಾನೇ ಮಗಳ ಕೆಂಪು ಪೆನ್ನಿನಲ್ಲಿ 'ಬಿಟ್ಟೆ' ಅಂತ ಬರೆದೆ. ಈಗ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅತ್ತೆ ಕೂಗುತ್ತಾರೆ. ನಾನು ಎಲ್ಲಿದ್ದರೂ ಬಾಗಿಲ ಪಕ್ಕಕ್ಕೆ ಬಂದು, ಸ್ವಿಚ್ಚು ಆರಿಸಿ, "ಬಿಟ್ಟೇ!" ಅನ್ನುತ್ತೇನೆ. ನನ್ನ ಎರಡೂ ಓವನ್ನುಗಳು ಉರಿಯುತ್ತಲೇ ಇರುತ್ತವೆ. ಹಿಂದಿನ ಕೋಣೆಯಲ್ಲಿ ಮೇಜಿನ ಮೇಲಿನ ದೀಪ ಹೊತ್ತಿಕೊಂಡಿತು ಅಂತ ನನಗೆ ಗೊತ್ತಾಗುತ್ತದೆ, ಏಕೆಂದರೆ ಅಲ್ಲಿಂದಲೂ ಒಂದು ಕೂಗು ಬರುತ್ತದೆ.

"ಬಂತು ಕಣೇ!"